ಪೈ, ಹಳೇ ಲ್ಯಾಪ್‌ಟಾಪ್ ಮ್ಯಾಲ ಬಿಟ್‌ಕಾಯಿನ್ ನೋಡ್ ಲಗೂ ಸಿಂಕ್ ಮಾಡೋದು ಹೆಂಗ? ಪದೇ ಪದೇ ಕೇಳೋ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮನ್ಯಾಗ ಸಣ್ಣ ಕಂಪ್ಯೂಟರ್ ಇಟ್ಕೊಂಡು ನೋಡ್ ಓಡಸಾಕ ಹೊಂಟಿರೋರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಅವೇ ಇರತಾವ, ಅದಕ್ಕ ಎಲ್ಲಾ ಒಂದ ಕಡೆ ಬರದಿಟ್ಟೀನಿ. ಪೈ ಅಂದ್ರ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಷ್ಟು ಸಣ್ಣ ಕಂಪ್ಯೂಟರ್. ನೋಡ್ ಅಂದ್ರ ಬಿಟ್‌ಕಾಯಿನ್‌ನ ಪೂರ್ತಿ ಲೆಕ್ಕ (ಬ್ಲಾಕ್‌ಚೈನ್) ತಾನ ಚೆಕ್ ಮಾಡೋ ಮಷಿನ್, ಅದರಾಗ ಓಡೋ ಪ್ರೋಗ್ರಾಂ ಹೆಸರು ಬಿಟ್‌ಕಾಯಿನ್ ಕೋರ್. ಬ್ಲಾಕ್ ಅಂದ್ರ ಆ ಲೆಕ್ಕದ ಒಂದೊಂದು ಪುಟ, ಸಿಂಕ್ ಅಂದ್ರ ಶುರುವಿನಿಂದ ಇವತ್ತಿನ ತನಕದ ಪುಟ ಎಲ್ಲಾ ತಂದು ಚೆಕ್ ಮಾಡಿ ಮುಗಸೋದು. ಸೆಟ್ಟಿಂಗ್ ಹೆಸರು, ಕಮಾಂಡ್ ಎಲ್ಲಾ ಕನ್ನಡ ಅಕ್ಷರದಾಗ ಅದಾವು, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಾಗ ನಡುವ ಜಾಗ ಬಿಡದಂಗ ಹೊಡೀರಿ.

ಸಿಂಕ್ ಅಂದ್ರ ಬರೀ ಡೌನ್‌ಲೋಡ್ ಅಲ್ಲೇನ್ರಿ? ಸಿನಿಮಾ ಇಳಿಸಿದಂಗ ಯಾಕ ಇಳಿಯಂಗಿಲ್ಲ?

ಅಲ್ಲ, ಇಲ್ಲೇ ಎಲ್ಲಾರೂ ತಪ್ಪು ತಿಳ್ಕೊಳ್ಳೋದು. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಹಿಡದು ಇವತ್ತಿನ ತನಕ ಬಂದಿರೋ ಒಂದೊಂದು ಬ್ಲಾಕ್‌ನೂ ನಿಮ್ಮ ಮಷಿನ್ ತಾನ ಕುಂತು ಚೆಕ್ ಮಾಡತೈತಿ. ಮೊದ್ಲು ಹೆಡರ್ (ಬ್ಲಾಕ್‌ನ ತಲೆಬರಹ) ಬರತಾವ, ಒಂದಕ್ಕ 80 ಬೈಟ್ ಅಷ್ಟ, ಅದು ಜಲ್ದಿ ಮುಗೀತೈತಿ. ಆಮ್ಯಾಲ ಪೂರ್ತಿ ಬ್ಲಾಕ್ ಬರತಾವ, ಪ್ರತಿ ಬ್ಲಾಕ್‌ನ್ಯಾಗ ಇರೋ ಪ್ರತಿ ವ್ಯವಹಾರಕ್ಕೂ "ಈ ನಾಣ್ಯ ಖರೆ ಐತೇನು, ಇನ್ನೂ ಖರ್ಚಾಗಿಲ್ಲೇನು" ಅಂತ ಒಂದು ಪಟ್ಟಿ ತೆಗದು ನೋಡಬೇಕು, ಖರ್ಚಾಗಿದ್ದನ್ನ ಪಟ್ಟಿಯಿಂದ ತೆಗೀಬೇಕು, ಹೊಸಾದು ಸೇರಿಸಬೇಕು. ಆ ಪಟ್ಟಿಗೆ ಯುಟಿಎಕ್ಸ್‌ಒ ಸೆಟ್ ಅಂತಾರ, ಡಿಸ್ಕ್ ಮ್ಯಾಲ ಚೈನ್‌ಸ್ಟೇಟ್ ಅನ್ನೋ ಫೋಲ್ಡರ್‌ನ್ಯಾಗ ಇರತೈತಿ, ಈಗ ಅದರಾಗ 15 ಕೋಟಿಗಿಂತ ಜಾಸ್ತಿ ಎಂಟ್ರಿ ಅದಾವು, ಗಾತ್ರ ಹತ್ತು ಜಿಬಿ ಮ್ಯಾಲ. ಬೇಕಾದ ಎಂಟ್ರಿ ಪಟ್ಟಿ ಒಳಗ ಎಲ್ಲಿ ಬೇಕಾದ್ರೂ ಇರಬಹುದು, ಸಾಲಾಗಿ ಓದಿಕೊಂಡು ಹೋಗಾಕ ಬರಂಗಿಲ್ಲ. ಹಂಗಾಗಿ ಸಣ್ಣ ಮಷಿನ್‌ನ್ಯಾಗ ಮೊದ್ಲು ಉಸಿರು ಬಿಡೋದು ಡಿಸ್ಕು, ಆಮ್ಯಾಲ ರ‍್ಯಾಮ್, ಆಮ್ಯಾಲ ಪ್ರೊಸೆಸರ್, ಕಡೀಕ ಇಂಟರ್ನೆಟ್.

ನಮ್ಮನ್ಯಾಗ 30 ಎಂಬಿಪಿಎಸ್ ಫೈಬರ್ ಐತಿ, 100ಕ್ಕ ಏರಿಸಿದ್ರ ಲಗೂ ಆಗತೈತೇನು?

ಲೆಕ್ಕ ಹಾಕ್ರಿ. 30 ಎಂಬಿಪಿಎಸ್ ಅಂದ್ರ ಸೆಕೆಂಡಿಗೆ 3.75 ಎಂಬಿ. ಬ್ಲಾಕ್‌ಚೈನ್ 2025ರಾಗ 650 ಜಿಬಿ ದಾಟೈತಿ, 700 ಅಂತ ಹಿಡದ್ರೂ ಸುಮಾರು 52 ತಾಸು, ಎರಡು ದಿನದ ಮ್ಯಾಲ ಸ್ವಲ್ಪ. ನಿಮ್ಮ ಪೈ ಒಂದು ವಾರ ತಗೊಂಡ್ರ ಉಳಿದ ಐದು ದಿನ ಲೈನ್ ಖಾಲಿ ಕುಂತಿತ್ತು ಅಂತ ಅರ್ಥ. ಪ್ಲಾನ್ ಏರಸೋ ರೊಕ್ಕನ ಎಸ್‌ಎಸ್‌ಡಿಗೆ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಹಾಕ್ರಿ. ತಿಂಗಳ ಡೇಟಾ ಮಿತಿ ಎಷ್ಟೈತಿ ಅಂತ ಮಾತ್ರ ಒಮ್ಮಿ ನೋಡ್ಕೊಳ್ರಿ, ಒಂದು ಟಿಬಿ ಒಳಗ ಇದ್ರ ಮನಿಮಂದಿ ಎಲ್ಲಾ ಸೇರಿ ಮುಟ್ಟಿಬಿಡತೀರಿ.

ಮೊಬೈಲ್ ಹಾಟ್‌ಸ್ಪಾಟ್ ಮ್ಯಾಲ?

ದಿನಕ್ಕ 2 ಜಿಬಿ ಪ್ಯಾಕ್ ಆದ್ರ 350 ದಿನ ಹಿಡೀತೈತಿ, ಅಷ್ಟೊತ್ತಿಗೆ ಚೈನ್ ಮತ್ತ 80 ಜಿಬಿ ಬೆಳದಿರತೈತಿ. ಬ್ಯಾಡ್ರಿ.

ಒಟ್ಟು ಎಷ್ಟು ದಿನ ಹಿಡೀತೈತಿ, ಅದನ್ನ ಹೇಳ್ರಿ ಮೊದ್ಲು.

ಪೈ 5, ಎನ್‌ವಿಎಂಇ ಡಿಸ್ಕ್ (ಇನ್ನೂ ವೇಗದ ಎಸ್‌ಎಸ್‌ಡಿ), 8 ಜಿಬಿ ರ‍್ಯಾಮ್ ಇದ್ರ ಒಂದೆರಡು ದಿನದಿಂದ ಮೂರು ದಿನ. ಪೈ 4 ಜೊತಿ ಯುಎಸ್‌ಬಿ ಎಸ್‌ಎಸ್‌ಡಿ ಇದ್ರ ಒಂದು ವಾರದ ಆಚೀಚೆ. ಅದ ಪೈ 4ಕ್ಕ ಹಳೇ ತಿರುಗೋ ಹಾರ್ಡ್ ಡಿಸ್ಕ್ ಹಚ್ಚಿದ್ರ ವಾರಗಟ್ಟಲೆ, ಲೆಕ್ಕ ಇಡೋದೂ ಬ್ಯಾಡ. ಒಂದ ಮಷಿನ್, ಒಂದ ಲೈನ್, ಬದಲಾಗಿದ್ದು ಡಿಸ್ಕ್ ಅಷ್ಟ. ಪೈ 5 ಯಾಕ ಮುಂದ ಅಂದ್ರ ಅದರ ಕೋರ್ ಹೊಸಾದು, ಶಾ-256 (ಬ್ಲಾಕ್ ಚೆಕ್ ಮಾಡಾಕ ಬೇಕಾದ ಗಣಿತ) ಲೆಕ್ಕ ಮಾಡಾಕ ಚಿಪ್‌ನ್ಯಾಗ ಬ್ಯಾರೇನ ಸೌಲಭ್ಯ ಐತಿ, ಪೈ 4ರಾಗ ಅದು ಇಲ್ಲ.

ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಯಾವ್ದು ಹಾಕಬೇಕು? ರೊಕ್ಕ ಕಮ್ಮಿ ಐತಿ.

ಮೆಮೊರಿ ಕಾರ್ಡ್ ಮತ್ತ ಪೆನ್‌ಡ್ರೈವ್ ಈ ಕೆಲಸಕ್ಕ ಅಲ್ಲವೇ ಅಲ್ಲ, ಸಣ್ಣ ಸಣ್ಣ ಬರವಣಿಗಿ ದಿನವಿಡೀ ನಡೀತಿದ್ರ ಅವು ಮೊದ್ಲು ನಿಧಾನ ಆಗತಾವ, ಆಮ್ಯಾಲ ಸಾಯತಾವ. ಆನ್‌ಲೈನ್‌ನ್ಯಾಗ ಎಂಟುನೂರು ರೂಪಾಯಿಗೆ 2 ಟಿಬಿ ಅಂತ ತೋರಸೋ ಪೆನ್‌ಡ್ರೈವ್ ಅಂತೂ ಸುಳ್ಳೇ ಸುಳ್ಳು, ಒಳಗ ಇರೋದು ಹತ್ತಿಪ್ಪತ್ತು ಜಿಬಿ, ಅದು ತುಂಬಿದ ಮ್ಯಾಲ ಹಳೇದರ ಮ್ಯಾಲ ಬರಕೊಂಡು ಹೋಗತೈತಿ.

ರೊಕ್ಕ ಇದ್ರ 2 ಟಿಬಿ ಎಸ್‌ಎಸ್‌ಡಿ ತಗೋರಿ. 1 ಟಿಬಿ ಇವತ್ತು ಹಿಡೀತೈತಿ, ಆದ್ರ ಚೈನ್ ವರ್ಷಕ್ಕ 80-90 ಜಿಬಿ ಬೆಳೀತೈತಿ, ಕೆಲವೇ ವರ್ಷದಾಗ ಮತ್ತ ಡಿಸ್ಕ್ ಬದಲಸೋ ತಲೆಬ್ಯಾನಿ.

ರೊಕ್ಕ ಇಲ್ಲಾ, ಮನ್ಯಾಗ ಹಳೇ 1 ಟಿಬಿ ಹಾರ್ಡ್ ಡಿಸ್ಕ್ ಬಿದ್ದೈತಿ ಅನ್ನೋರಿಗೆ ಒಂದು ದಾರಿ ಐತಿ, ಭಾಳ ಮಂದಿಗೆ ಗೊತ್ತಿಲ್ಲ. ಬ್ಲಾಕ್ ಫೈಲ್‌ಗಳು ಸಾಲಾಗಿ ಬರಿಯೋವು, ಅವಕ್ಕ ತಿರುಗೋ ಡಿಸ್ಕ್ ಸಾಕು. ಹಿಂದ ಮುಂದ ಹುಡುಕಾಟ ನಡಿಯೋದು ಚೈನ್‌ಸ್ಟೇಟ್‌ನ್ಯಾಗ ಮಾತ್ರ, ಅದು ಹತ್ತು ಚಿಲ್ಲರೆ ಜಿಬಿ ಅಷ್ಟ. ಹಂಗಾಗಿ 120 ಜಿಬಿಯ ಒಂದು ಸಸ್ತಾ ಎಸ್‌ಎಸ್‌ಡಿ ತಂದು ಡೇಟಾ ಫೋಲ್ಡರ್ ಅದರ ಮ್ಯಾಲ ಇಡ್ರಿ, ಕಾನ್ಫ್ ಫೈಲ್‌ನ್ಯಾಗ (ಬಿಟ್‌ಕಾಯಿನ್ ಡಾಟ್ ಕಾನ್ಫ್ ಅನ್ನೋ ಸೆಟ್ಟಿಂಗ್ ಫೈಲ್) ಬ್ಲಾಕ್ಸ್‌ಡಿರ್ ಅನ್ನೋ ಸೆಟ್ಟಿಂಗ್ ಕೊಟ್ಟು ಬ್ಲಾಕ್ ಫೈಲ್ ಎಲ್ಲಾ ಹಾರ್ಡ್ ಡಿಸ್ಕ್‌ಗೆ ಕಳಸ್ರಿ. ಪೂರ್ತಿ ಎಸ್‌ಎಸ್‌ಡಿಯ ಹತ್ರ ಹತ್ರ ವೇಗ ಬರತೈತಿ, ಖರ್ಚು ಮಾತ್ರ ಭಾಳ ಕಮ್ಮಿ. ಬಳ್ಳಾರಿ, ಹೊಸಪೇಟೆ ಕಡೆ ಕಂಪ್ಯೂಟರ್ ರಿಪೇರಿ ಅಂಗಡ್ಯಾಗ ಹಳೇ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಸಣ್ಣ ಎಸ್‌ಎಸ್‌ಡಿ ಸಿಗತಾವ, ಆದ್ರ ತರೋ ಮುಂಚೆ ಹೆಲ್ತ್ ಚೆಕ್ ಮಾಡಿಸಿಕೊಳ್ರಿ.

ಪೈಯವರಿಗೆ ಇನ್ನೊಂದೆರಡು. ನೀಲಿ ಬಣ್ಣದ ಯುಎಸ್‌ಬಿ ಪೋರ್ಟ್‌ಗೇ ಹಚ್ರಿ, ಕರೇದು ಯುಎಸ್‌ಬಿ 2, ಅದಕ್ಕ ಹಚ್ಚಿ "ಎಸ್‌ಎಸ್‌ಡಿ ಹಾಕಿದ್ರೂ ನಿಧಾನ" ಅನ್ನೋರು ಭಾಳ ಸಿಗತಾರ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ 1.2 ಆಂಪ್ ಅಷ್ಟ ಕೊಡೋದು, ಎರಡು ಡಿಸ್ಕ್ ಹಚ್ಚೋದಿದ್ರ ಬ್ಯಾರೆ ಅಡಾಪ್ಟರ್ ಇರೋ ಹಬ್ ಬೇಕು, ಇಲ್ಲಾಂದ್ರ ನಡುರಾತ್ರಿ ಡಿಸ್ಕ್ ತಾನ ಕಳಚಿಕೊಂಡು ಹೋಗತೈತಿ. ಡಿಸ್ಕ್ ಎನ್‌ಟಿಎಫ್‌ಎಸ್‌ನ್ಯಾಗ (ವಿಂಡೋಸ್ ನಮೂನಿ) ಇದ್ರ ಇಎಕ್ಸ್‌ಟಿ4ಗೆ (ಲಿನಕ್ಸ್ ನಮೂನಿ) ಫಾರ್ಮ್ಯಾಟ್ ಮಾಡ್ರಿ.

ಡಿಬಿಕ್ಯಾಶ್ ಅಂದ್ರ ಏನು? ಎಷ್ಟಿಡಬೇಕು?

ಎಸ್‌ಎಸ್‌ಡಿ ಆದ ಮ್ಯಾಲ ದೊಡ್ಡ ಫರಕು ಬರೋದು ಇದರಿಂದನ. ಆ ನಾಣ್ಯದ ಪಟ್ಟಿ ಐತಲ್ಲ, ಅದರಾಗ ಎಷ್ಟು ಭಾಗ ರ‍್ಯಾಮ್‌ನ್ಯಾಗ ಇಟ್ಕೋಬೇಕು ಅನ್ನೋದನ್ನ ಈ ಸೆಟ್ಟಿಂಗ್ ಹೇಳತೈತಿ. ಕಿರಾಣಿ ಅಂಗಡ್ಯಾಗ ಗಲ್ಲಾದ ಮಗ್ಗಲಕ್ಕ ಇಟ್ಟ ಸಾಮಾನು ಕೈಗೆ ತಟ್ಟನ ಸಿಗತೈತಿ, ಹಿಂದಿನ ಗೋಡೌನ್‌ನ್ಯಾಗ ಇರೋದಕ್ಕ ಹುಡುಗನ್ನ ಕಳಸಬೇಕು, ಗಿರಾಕಿ ಕಾಯಬೇಕು. ಡಿಬಿಕ್ಯಾಶ್ ದೊಡ್ಡದಿದ್ರ ಗೋಡೌನ್ ಓಡಾಟ ಕಮ್ಮಿ.

ಭಾಳ ವರ್ಷ ಇದರ ಡಿಫಾಲ್ಟ್ (ನೀವು ಏನೂ ಬರೀದಿದ್ರ ಇರೋದು) 450 ಎಂಬಿ ಇತ್ತು. 4 ಜಿಬಿ ರ‍್ಯಾಮ್ ಇದ್ರ 1500ರಿಂದ 2000, 8 ಜಿಬಿ ಇದ್ರ 4000ದಿಂದ 5000 ಇಡಬಹುದು. 2 ಜಿಬಿ ಇದ್ರ ಇದ್ದಷ್ಟಕ್ಕ ಬಿಡ್ರಿ, ಮುಟ್ಟಬ್ಯಾಡ್ರಿ. ಸಿಂಕ್ ನಡಿಯುವಾಗ ಮೆಂಪೂಲ್‌ಗೆ (ಇನ್ನೂ ಬ್ಲಾಕ್ ಸೇರದ ವ್ಯವಹಾರಗಳ ಸಾಲಿಗೆ) ಅಂತ ತೆಗೆದಿಟ್ಟ 300 ಎಂಬಿ ಖಾಲಿ ಇರತೈತಲ್ಲ, ಅದನ್ನೂ ಪ್ರೋಗ್ರಾಂ ತಾನ ಈ ಕ್ಯಾಶ್‌ಗೆ ಬಳಸತೈತಿ, ಹಂಗಾಗಿ ನೀವು ಬರದಿದ್ದಕ್ಕಿಂತ ಸ್ವಲ್ಪ ಜಾಸ್ತಿನ ತಗೋತೈತಿ. ಆಸೆಗೆ ಬಿದ್ದು 4 ಜಿಬಿ ಮಷಿನ್‌ಗೆ 3500 ಕೊಟ್ರಿ ಅಂದ್ರ ರ‍್ಯಾಮ್ ಮುಗದು ಸ್ವಾಪ್‌ಗೆ (ಮೆಮೊರಿ ಬದಲು ಡಿಸ್ಕ್ ಜಾಗ ಬಳಸೋದಕ್ಕ) ಬೀಳತೈತಿ, ಪೈಯಾಗ ಸ್ವಾಪ್ ಇರೋದು ಮೆಮೊರಿ ಕಾರ್ಡ್ ಮ್ಯಾಲ, ಆಗ ಎತ್ತಿನ ಬಂಡಿಗಿಂತ ಕಡೆ, ಇಲ್ಲಾ ಲಿನಕ್ಸ್ ತಾನ ನೋಡ್ ಪ್ರೋಗ್ರಾಂನ್ನ ಕೊಂದ್ಹಾಕತೈತಿ. ಮತ್ತ 32 ಬಿಟ್ ಓಎಸ್ ಇದ್ರ ತೆಗದು 64 ಬಿಟ್ ಹಾಕ್ರಿ, ಇದನ್ನ ಬಿಟ್ಟು ಬಾಕಿ ಎಲ್ಲಾ ಟ್ಯೂನಿಂಗ್ ಮಾಡೋರು ಅದಾರ. ಡೆಸ್ಕ್‌ಟಾಪ್ ಸ್ಕ್ರೀನ್ ಬ್ಯಾಡಾಗಿದ್ರ ಲೈಟ್ ವರ್ಷನ್ ಓಎಸ್ ಹಾಕ್ರಿ, ಉಳಿದ ರ‍್ಯಾಮ್ ಡಿಬಿಕ್ಯಾಶ್‌ಗೆ.

ನಮ್ಮ ಕಡೆ ಕರೆಂಟ್ ಯಾವಾಗ ಹೋಗತೈತಿ ಗೊತ್ತಿಲ್ಲ. ಸಿಂಕ್ ನಡುವ ಹೋದ್ರ ಮೊದಲಿಂದ ಶುರು ಮಾಡಬೇಕೇನು?

ಶಕ್ತಿನಗರದಾಗ ಒಂದು ಥರ್ಮಲ್ ಸ್ಟೇಷನ್, ಕುಡತಿನಿಯಾಗ ಇನ್ನೊಂದು, ರಾಜ್ಯಕ್ಕೆಲ್ಲಾ ಕರೆಂಟ್ ಕೊಡೋ ಊರಿನೋರು ನಾವು, ಬ್ಯಾಸಿಗ್ಯಾಗ ಗಾಳಿ ಮಳಿ ಬಂದ್ರ ಮೊದ್ಲು ಕತ್ತಲಾಗೋದೂ ನಮ್ಮನೀನ. ಇರಲಿ.

ಮೊದಲಿಂದ ಅಲ್ಲ. ಆದ್ರ ರ‍್ಯಾಮ್‌ನ್ಯಾಗ ಇದ್ದ ಕ್ಯಾಶ್ ಇನ್ನೂ ಡಿಸ್ಕ್‌ಗೆ ಬರದಿಲ್ಲ ಅಂದ್ರ ಅಷ್ಟು ಕೆಲಸ ಹೋದಂಗ, ಹಿಂದಿನ ಸಲ ಬರದಿಟ್ಟಲ್ಲಿಂದ ಮತ್ತ ಲೆಕ್ಕ ಮಾಡಿಕೊಂಡು ಬರಬೇಕು. ಹಳೇ ವರ್ಷನ್‌ಗಳಾಗ ಕ್ಯಾಶ್ ತುಂಬದಿದ್ರ ಪೂರ್ತಿ ಬರಿಯೋದು ದಿನಕ್ಕ ಒಮ್ಮಿ, ಹಂಗಾಗಿ ದೊಡ್ಡ ಡಿಬಿಕ್ಯಾಶ್ ಇಟ್ಟೋರಿಗೇ ಜಾಸ್ತಿ ಹೊಡತ. ಈಚಿನ ವರ್ಷನ್‌ನ್ಯಾಗ ಹೆಚ್ಚುಕಮ್ಮಿ ತಾಸಿಗೊಮ್ಮಿ ಬರಿತೈತಿ, ಇದೊಂದೇ ಕಾರಣಕ್ಕ ಹೊಸ ವರ್ಷನ್ ಹಾಕ್ಕೊಳ್ರಿ ಅಂತೀನಿ. ಕೆಟ್ಟ ನಸೀಬ್ ಇದ್ದು ಬರಿಯೋ ಹೊತ್ತಿಗೇ ಕರೆಂಟ್ ಹೋದ್ರ ಡೇಟಾಬೇಸ್ ಕೆಡಬಹುದು, ಆಗ ರೀಇಂಡೆಕ್ಸ್-ಚೈನ್‌ಸ್ಟೇಟ್ (ನಡುವ ಹೈಫನ್ ಹಾಕಿ) ಅಂತ ಕೊಟ್ರ ಡಿಸ್ಕ್ ಮ್ಯಾಲ ಇರೋ ಬ್ಲಾಕ್‌ಗಳಿಂದನ ಪಟ್ಟಿ ಮತ್ತ ಕಟ್ಟತೈತಿ, ಡೌನ್‌ಲೋಡ್ ಉಳೀತೈತಿ, ದಿನಗಳು ಉಳಿಯಂಗಿಲ್ಲ. ಪ್ರೂನ್ (ಚೆಕ್ ಆದ ಹಳೇ ಬ್ಲಾಕ್ ಅಳಸೋ ಸೆಟ್ಟಿಂಗ್) ಮಾಡಿದ್ರ ಡೌನ್‌ಲೋಡೂ ಉಳಿಯಂಗಿಲ್ಲ, ಹಳೇ ಬ್ಲಾಕೇ ಇರಂಗಿಲ್ಲಲ್ಲ.

ಮನ್ಯಾಗ ಇನ್ವರ್ಟರ್ ಇದ್ರ ಆ ಲೈನ್‌ಗೇ ಹಚ್ರಿ. ಆದ್ರ ಎಷ್ಟೋ ಇನ್ವರ್ಟರ್ ಬದಲಾಗುವಾಗ ಒಂದು ಕ್ಷಣ ಕಡಿತಾವ, ಫ್ಯಾನಿಗೆ ಗೊತ್ತಾಗಂಗಿಲ್ಲ, ಪೈ ಮಾತ್ರ ಆಫ್ ಆಗಿ ಆನ್ ಆಗತೈತಿ. ನಿಮ್ಮದು ಹಂಗ ಇದ್ರ ಸೆಟ್ಟಿಂಗ್‌ನ್ಯಾಗ ಯುಪಿಎಸ್ ಮೋಡ್ ಐತೇನು ನೋಡ್ರಿ, ಇಲ್ಲಾಂದ್ರ ನಡುವ ಒಂದು ಸಣ್ಣ ಯುಪಿಎಸ್. ಪೈ ಎಳಿಯೋದು ಡಿಸ್ಕ್ ಸೇರಿ ಹತ್ತು ವ್ಯಾಟ್ ಒಳಗ, ತಿಂಗಳಿಗೆ ಏಳು ಯೂನಿಟ್ ಆಜುಬಾಜು, ಹಂಗಾಗಿ ಬ್ಯಾಕಪ್ ಭಾಳ ಹೊತ್ತು ಬರತೈತಿ. ಬ್ಯಾಟರಿ ಇನ್ನೂ ಅರ್ಧ ತಾಸು ನಿಲ್ಲೋ ಹಳೇ ಲ್ಯಾಪ್‌ಟಾಪ್ ಇದ್ರ ನಾನಂತೂ ಪೈಗಿಂತ ಅದನ್ನ ಆರಸ್ತೀನಿ, ಯುಪಿಎಸ್ ಒಳಗ ಕುಂತೈತಿ, ರ‍್ಯಾಮ್ ಏರಸಾಕ ಬರತೈತಿ, ಸಾಟಾ ಎಸ್‌ಎಸ್‌ಡಿ ನೇರ ಕೂರತೈತಿ.

ಬಂದ್ ಮಾಡುವಾಗ ಪ್ಲಗ್ ಕೀಳಬ್ಯಾಡ್ರಿ. ಸ್ಟಾಪ್ ಕಮಾಂಡ್ ಕೊಟ್ಟು ಡೀಬಗ್ ಲಾಗ್‌ನ್ಯಾಗ "ಶಟ್‌ಡೌನ್ ಡನ್" ಅನ್ನೋ ತನಕ ಕಾಯ್ರಿ, ಕ್ಯಾಶ್ ದೊಡ್ಡದಿದ್ರ ಇದಕ್ಕ ಕೆಲವು ನಿಮಿಷ ಬೇಕು, ಹ್ಯಾಂಗ್ ಆಗೈತಿ ಅಂತ ಗಾಬರಿ ಆಗಬ್ಯಾಡ್ರಿ.

ಏಪ್ರಿಲ್ ಬಂದ್ರ ಸಿಂಕ್ ಅರ್ಧಕ್ಕರ್ಧ ನಿಧಾನ ಆಗತೈತಿ ಅಂತಾರ, ಖರೇನಾ?

ಖರೆ. ಪೈ ಚಿಪ್ 80 ಡಿಗ್ರಿ ಮುಟ್ಟಿದ ಕೂಡ್ಲೇ ತನ್ನ ವೇಗ ತಾನ ಇಳಿಸಿಕೊಳ್ಳತೈತಿ. ಹೊರಗ 42 ಇದ್ದು, ಶೀಟಿನ ಮನಿ ಒಳಗ ಅದಕ್ಕೂ ಜಾಸ್ತಿ ಇದ್ದು, ಪ್ಲಾಸ್ಟಿಕ್ ಡಬ್ಬಿ ಒಳಗ ನಾಲ್ಕೂ ಕೋರ್ ದುಡೀತಿದ್ರ ಮುಟ್ಟದ ಇನ್ನೇನಾಗತೈತಿ. ಅಲ್ಯೂಮಿನಿಯಂ ಕೇಸ್ ಜೊತಿ ಸಣ್ಣ ಫ್ಯಾನ್ ಇರೋದು ತಗೋರಿ, ಅಲಮಾರಿ ಒಳಗ, ಇನ್ವರ್ಟರ್ ಬ್ಯಾಟರಿ ಮ್ಯಾಲ, ಟಿವಿ ಹಿಂದ ಇಡಬ್ಯಾಡ್ರಿ. ಚೆಕ್ ಮಾಡಾಕ ವಿಸಿಜೆನ್‌ಸಿಎಂಡಿ ಅಂತ ಹೊಡದು, ಜಾಗ ಬಿಟ್ಟು, ಗೆಟ್_ಥ್ರಾಟಲ್ಡ್ (ನಡುವ ಅಂಡರ್‌ಸ್ಕೋರ್ ಹಾಕಿ) ಅಂತ ಕೊಡ್ರಿ, ಸೊನ್ನೆ ಬಂದ್ರ ಎಲ್ಲಾ ಸರಿ, ಬ್ಯಾರೆ ನಂಬರ್ ಬಂದ್ರ ಒಂದೋ ಬಿಸಿ, ಇಲ್ಲಾ ವೋಲ್ಟೇಜ್ ಕಮ್ಮಿ. ವೋಲ್ಟೇಜ್ ತೊಂದ್ರಿ ಅಂದ್ರ ಮೊಬೈಲ್ ಚಾರ್ಜರ್ ಹಚ್ಚೀರಿ ಅಂತ ಅರ್ಥ, ಪೈ 4ಕ್ಕ 5.1 ವೋಲ್ಟ್ 3 ಆಂಪ್, ಪೈ 5ಕ್ಕ 5 ಆಂಪ್ ಅಡಾಪ್ಟರ್ ಬೇಕು.

ಧೂಳಿನ ಮಾತೂ ಹೇಳಿಬಿಡತೀನಿ. ತೋರಣಗಲ್ಲು, ಸಂಡೂರು ಕಡೆ ಕೆಂಪು ಅದಿರಿನ ಧೂಳು, ಬಳ್ಳಾರಿ ಜೀನ್ಸ್ ಯೂನಿಟ್ ಇರೋ ಗಲ್ಲಿಗಳಾಗ ನೂಲಿನ ಪುಡಿ, ಎರಡೂ ಲ್ಯಾಪ್‌ಟಾಪ್ ಫ್ಯಾನ್ ಒಳಗ ಹೋಗಿ ಗಟ್ಟಿಯಾಗಿ ಕುಂದ್ರತಾವ. ಹಳೇ ಲ್ಯಾಪ್‌ಟಾಪ್ ಹಾಕೋ ಮುಂಚೆ ಒಮ್ಮಿ ಬಿಚ್ಚಿಸಿ ಕ್ಲೀನ್ ಮಾಡಿ ಥರ್ಮಲ್ ಪೇಸ್ಟ್ ಬದಲಸ್ರಿ.

ಮೊದಲಾರ್ಧ ಒಂದೇ ರಾತ್ರಿಗೆ ಆತು, ಈಗ 90 ಪರ್ಸೆಂಟ್ ಹತ್ರ ಬಂದು ನಿಂತಂಗ ಆಗೈತಿ. ಕೆಟ್ಟೈತೇನು?

ಕೆಟ್ಟಿಲ್ಲ. ಮೊದಲ ವರ್ಷಗಳ ಬ್ಲಾಕ್ ಹೆಚ್ಚುಕಮ್ಮಿ ಖಾಲಿ, ಬ್ಲಾಕ್ ನಂಬರ್ ಸರ್ರಂತ ಓಡತೈತಿ. ಆಮ್ಯಾಲಿನ ಬ್ಲಾಕ್ ತುಂಬಿ ತುಳುಕತಾವ, 2023ರಿಂದ ಇನ್‌ಸ್ಕ್ರಿಪ್ಷನ್ (ಬ್ಲಾಕ್ ಒಳಗ ಚಿತ್ರ, ಬರಹ ತುರುಕೋದು) ಗದ್ದಲ ಶುರುವಾದ ಮ್ಯಾಲ ಚಿಲ್ಲರೆ ಎಂಟ್ರಿಗಳು ಪಟ್ಟಿ ಒಳಗ ರಾಶಿ ಬಿದ್ದಾವು, ಕ್ಯಾಶ್ ಒಳಗ ಹಿಡಿಯಂಗಿಲ್ಲ, ಡಿಸ್ಕ್ ಮುಟ್ಟಬೇಕು. ಅದರ ಮ್ಯಾಲ ಕಡೀ ಕೆಲವು ತಿಂಗಳ ಬ್ಲಾಕ್‌ಗೆ ಸಹಿ (ನಾಣ್ಯದ ಮಾಲಕನ ಡಿಜಿಟಲ್ ಒಪ್ಪಿಗಿ) ಚೆಕ್ ಕೂಡ ಪೂರ್ತಿ ನಡೀತೈತಿ. ನಂಬರ್ ನಿಧಾನಕ್ಕಾದ್ರೂ ಏರತಿದ್ರ ಕೈ ಹಚ್ಚಬ್ಯಾಡ್ರಿ, ರೀಸ್ಟಾರ್ಟ್ ಮೇಲ ರೀಸ್ಟಾರ್ಟ್ ಮಾಡಿದ್ರ ತುಂಬಿದ ಕ್ಯಾಶ್ ಖಾಲಿ ಮಾಡಿಕೊಂಡು ನೀವ ನಿಧಾನ ಮಾಡಿದಂಗ.

ಹಳೇ ಬ್ಲಾಕ್‌ಗೆ ಸಹಿ ಚೆಕ್ ಮಾಡಂಗಿಲ್ಲೇನು ಹಂಗಾದ್ರ? ಮೋಸ ಅಲ್ಲೇನು ಇದು?

ಅದಕ್ಕ ಅಸ್ಯೂಮ್‌ವ್ಯಾಲಿಡ್ ಅಂತಾರ, 2017ರಾಗ 0.14 ವರ್ಷನ್‌ಗೆ ಬಂತು, ತಾನ ಆನ್ ಇರತೈತಿ. ಪ್ರೋಗ್ರಾಂ ಜೊತಿಗೇ ಬಂದ ಒಂದು ಬ್ಲಾಕ್ ಗುರುತಿನ ತನಕ ಸಹಿಯ ಲೆಕ್ಕ ಬಿಡತೈತಿ, ಆದ್ರ ಪ್ರೂಫ್ ಆಫ್ ವರ್ಕ್ (ಬ್ಲಾಕ್ ಕಟ್ಟಾಕ ಹಾಕಿದ ಲೆಕ್ಕದ ಶ್ರಮದ ಪುರಾವೆ), ನಾಣ್ಯ ಐತೋ ಇಲ್ಲೋ, ಲೆಕ್ಕಕ್ಕಿಂತ ಜಾಸ್ತಿ ನಾಣ್ಯ ಹುಟ್ಟೈತೇನು, ಇವೆಲ್ಲಾ ನೋಡೇ ನೋಡತೈತಿ. ಅದನ್ನ ಸೊನ್ನೆ ಮಾಡಿ ಎಲ್ಲಾ ಸಹಿ ಚೆಕ್ ಮಾಡಸಾಕ ಬರತೈತಿ, ಪೈ ಮ್ಯಾಲ ಆ ಹಟ ಬ್ಯಾಡ.

ಅಸ್ಯೂಮ್‌ಯುಟಿಎಕ್ಸ್‌ಒ ಅಂತ ಹೊಸಾದು ಬಂದೈತಂತ, ಕೆಲವೇ ತಾಸಿನಾಗ ಸಿಂಕ್ ಆಗತೈತಂತ?

ಹೆಸರು ಒಂದೇ ಥರ, ಕೆಲಸ ಬ್ಯಾರೆ. ಇದರಾಗ ಒಂದು ಎತ್ತರದ ಬ್ಲಾಕ್‌ನ ತನಕದ ಪೂರ್ತಿ ನಾಣ್ಯಪಟ್ಟಿನ ಒಂದು ಫೈಲ್ ಆಗಿ ತಗೊಂಡು ಲೋಡ್ ಮಾಡೋದು, ಲೋಡ್‌ಟಿಎಕ್ಸ್ಔಟ್‌ಸೆಟ್ ಅನ್ನೋ ಕಮಾಂಡ್. ಬಿಟ್‌ಕಾಯಿನ್ ಕೋರ್ 28ರಾಗ, 2024ರಾಗ, ಮೇನ್ ನೆಟ್‌ವರ್ಕ್‌ಗೆ ಬಂತು, ಆಗ ಇಟ್ಟಿದ್ದು 8,40,000ನೇ ಬ್ಲಾಕ್, ಅದ ವರ್ಷ ಹಾವಿಂಗ್ (ಪ್ರತಿ ಬ್ಲಾಕ್‌ಗೆ ಹುಟ್ಟೋ ಹೊಸ ನಾಣ್ಯ ಅರ್ಧ ಆಗೋದು) ಆದ ಬ್ಲಾಕ್. ಫೈಲ್ ಹತ್ತು ಜಿಬಿ ಆಜುಬಾಜು, ಯಾರ ಹತ್ರ ತಗೊಂಡ್ರೂ ನಡೀತೈತಿ, ಯಾಕಂದ್ರ ಅದರ ಹ್ಯಾಶ್ (ಬೆರಳಚ್ಚಿನಂಥಾ ಗುರುತು) ಪ್ರೋಗ್ರಾಂ ಒಳಗೇ ಬರದೈತಿ, ಒಂದು ಬೈಟ್ ಬದಲಾಗಿದ್ರೂ ಒಪ್ಪಂಗಿಲ್ಲ.

ಲೋಡ್ ಆದ ಮ್ಯಾಲ ಅಲ್ಲಿಂದ ಮುಂದಿನ ಬ್ಲಾಕ್ ಚೆಕ್ ಮಾಡಿಕೊಂಡು ನೋಡ್ ಲಗೂನ ಬಳಸಾಕ ಬರತೈತಿ, 2009ರಿಂದ ಇರೋ ಹಳೇದನ್ನ ಹಿಂದಿಂದ ನಿಧಾನಕ್ಕ ಚೆಕ್ ಮಾಡತೈತಿ. ಅಂದ್ರ ಒಟ್ಟು ಕೆಲಸ ಕಮ್ಮಿ ಆಗಂಗಿಲ್ಲ, ಕಾಯೋದು ಕಮ್ಮಿ ಆಗತೈತಿ. ಆ ಹೊತ್ತಿನಾಗ ಎರಡು ಚೈನ್‌ಸ್ಟೇಟ್ ಡಿಸ್ಕ್ ಮ್ಯಾಲ ಇರತಾವ, ಡಿಬಿಕ್ಯಾಶೂ ಎರಡಕ್ಕೂ ಹಂಚಿಹೋಗತೈತಿ. ಹೊಸ ವಾಲೆಟ್ ಇಟ್ಕೊಂಡೋರಿಗೆ ಭಾಳ ಚಲೋ. ಹಳೇ ವಾಲೆಟ್ ಇದ್ದೋರು ಹಿಂದಿನ ಚೆಕ್ ಮುಗಿಯೋ ತನಕ ತಡೀರಿ.

ಪ್ರೂನ್ ಮಾಡಿದ್ರ ಸಿಂಕ್ ಲಗೂ ಆಗತೈತೇನು?

ಇಲ್ಲ. ಪೂರ್ತಿ ಇಳಿಸಿ, ಪೂರ್ತಿ ಚೆಕ್ ಮಾಡಿ, ಆಮ್ಯಾಲ ಹಳೇ ಬ್ಲಾಕ್ ಅಳಸೋದು. ಉಳಿಯೋದು ಜಾಗ. ಕಮ್ಮಿ ಅಂದ್ರ 550 (ಎಂಬಿ ಲೆಕ್ಕದಾಗ) ಅಂತ ಕೊಡಬಹುದು, ಆದ್ರ ಜಾಗ ಇದ್ರ ಹತ್ತಿಪ್ಪತ್ತು ಸಾವಿರ ಕೊಡ್ರಿ, ತೀರಾ ಕಮ್ಮಿ ಕೊಟ್ರ ಮತ್ತ ಮತ್ತ ಅಳಸಾಕ ನಿಂತು ಕ್ಯಾಶ್ ಡಿಸ್ಕ್‌ಗೆ ಬರಕೋತ ಕೂಡತೈತಿ. ಆ 120 ಜಿಬಿ ಎಸ್‌ಎಸ್‌ಡಿ ಒಂದೇ ಇದ್ದೋರಿಗೆ ಇದು ಸರಿಯಾದ ದಾರಿ.

ನಮ್ಮ ದೋಸ್ತನ ಹತ್ರ ಪೂರ್ತಿ ಸಿಂಕ್ ಆದ ನೋಡ್ ಐತಿ, ಕಾಪಿ ಹೊಡಕೊಂಡು ಬರಬಹುದಾ?

ತಾಂತ್ರಿಕವಾಗಿ ಬರತೈತಿ, ಇಂಟೆಲ್ ಮಷಿನ್‌ನಿಂದ ಪೈಗೆ ಕೂಡ. ಎರಡೂ ಕಡೆ ನೋಡ್ ಪೂರ್ತಿ ಬಂದ್ ಮಾಡಿ ಬ್ಲಾಕ್ಸ್ ಮತ್ತ ಚೈನ್‌ಸ್ಟೇಟ್ ಎರಡು ಫೋಲ್ಡರ್ ಇಡಿಯಾಗಿ ತರ್ರಿ. ಬ್ಲಾಕ್ಸ್ ಒಳಗ ಎಕ್ಸ್‌ಒಆರ್ ಡಾಟ್ ಡ್ಯಾಟ್ ಅನ್ನೋ ಚೋಟುದ್ದ ಫೈಲ್ ಇರತೈತಿ ಹೊಸ ವರ್ಷನ್‌ನ್ಯಾಗ, ಅದನ್ನ ಬಿಟ್ಟು ಬಂದ್ರ ಉಳಿದ ಆರೇಳುನೂರು ಜಿಬಿ ಯಾವ ಉಪಯೋಗಕ್ಕೂ ಬರಂಗಿಲ್ಲ. ವಾಲೆಟ್ ಫೋಲ್ಡರ್ ಮುಟ್ಟಬ್ಯಾಡ್ರಿ, ಅದು ಅವನ ರೊಕ್ಕ.

ಆದ್ರ ಚೈನ್‌ಸ್ಟೇಟ್ ಕಾಪಿ ಮಾಡೋದು ಅಂದ್ರ ಅವನ ಮಷಿನ್ ಹೇಳಿದ್ದನ್ನ ಕಣ್ಮುಚ್ಚಿ ನಂಬೋದು. ನಿಮ್ಮದೇ ಇನ್ನೊಂದು ಮಷಿನ್ ಆದ್ರ ಸರಿ, ಮನ್ಯಾಗಿನ ಗೇಮಿಂಗ್ ಪಿಸಿ ಮ್ಯಾಲ ಸಿಂಕ್ ಮಾಡಿ ಪೈಗೆ ಸಾಗಸೋದು ಎಲ್ಲಾದಕ್ಕಿಂತ ಲಗೂ ದಾರಿ. ದೋಸ್ತನದ್ದಾದ್ರ ಬ್ಲಾಕ್ಸ್ ಮಾತ್ರ ತಂದು ಚೈನ್‌ಸ್ಟೇಟ್ ನೀವ ಕಟ್ರಿ. ಇಲ್ಲಾ ಅವನ ಮಷಿನ್‌ನ್ನ ನಿಮ್ಮ ರೂಟರ್‌ಗೇ ತಂದು ಹಚ್ಚಿ, ಕನೆಕ್ಟ್ ಸೆಟ್ಟಿಂಗ್‌ನ್ಯಾಗ ಅದರ ಲೋಕಲ್ ಐಪಿ ಕೊಡ್ರಿ, ಬ್ಲಾಕ್ ಅಲ್ಲಿಂದ ಬರತಾವ, ಚೆಕ್ ನಿಮ್ಮ ಮಷಿನ್ ಮಾಡತೈತಿ, ಡೇಟಾ ಪ್ಯಾಕೂ ಉಳೀತೈತಿ. ಸಿಂಕ್ ಮುಗಿದ ಮ್ಯಾಲ ಆ ಸಾಲು ತೆಗೀರಿ, ಇಲ್ಲಾಂದ್ರ ಹೊರಗಿನ ಯಾವ ನೋಡ್ ಜೊತೀನೂ ಮಾತಾಡಂಗಿಲ್ಲ.

ಬೂಟ್‌ಸ್ಟ್ರ್ಯಾಪ್ ಫೈಲ್ (ಹಳೇ ಬ್ಲಾಕ್ ಎಲ್ಲಾ ಕೂಡಿಸಿಟ್ಟ ಫೈಲ್) ಟೊರೆಂಟ್‌ನ್ಯಾಗ ಸಿಗತೈತಲ್ಲ?

2015ರ 0.10 ವರ್ಷನ್ ಬಂದ ಮ್ಯಾಲ ಅದಕ್ಕ ಕಿಮ್ಮತ್ತಿಲ್ಲ, ನೇರ ಸಿಂಕ್ ಮಾಡೋದ ಲಗೂ.

ಟಾರ್ (ನಮ್ಮ ವಿಳಾಸ ಮುಚ್ಚಿಡೋ ನೆಟ್‌ವರ್ಕ್) ಮ್ಯಾಲ ಮಾಡಿದ್ರ?

ನಿಧಾನ. ಮೊದ್ಲು ಸಾದಾ ಲೈನ್ ಮ್ಯಾಲ ಸಿಂಕ್ ಮುಗಿಸಿ, ಆಮ್ಯಾಲ ಟಾರ್‌ಗೆ ಹೊರಳ್ರಿ.

ಅಂಬ್ರೆಲ್ (ನೋಡ್, ಆ್ಯಪ್ ಒಟ್ಟಿಗೆ ಓಡಸೋ ಸಾಫ್ಟ್‌ವೇರ್) ಹಾಕೀನಿ, ಅದರಾಗ ಎಲೆಕ್ಟ್ರಂ ಸರ್ವರ್ (ವಾಲೆಟ್‌ಗೆ ಲೆಕ್ಕ ಒದಗಸೋದು), ಲೈಟ್ನಿಂಗ್ (ಸಣ್ಣ ಪೇಮೆಂಟ್‌ನದು), ಇನ್ನೂ ನಾಲ್ಕು ಆ್ಯಪ್ ಅದಾವು, ಭಾಳ ಸ್ಲೋ.

ಅವನ್ನೆಲ್ಲಾ ನಿಲ್ಲಸ್ರಿ. ಎಲೆಕ್ಟ್ರಂ ಸರ್ವರ್ ತನ್ನ ಇಂಡೆಕ್ಸ್ ಕಟ್ಟಾಕ ಅದ ಡಿಸ್ಕ್ ಮ್ಯಾಲ ಕುಂದ್ರತೈತಿ, ಇಬ್ಬರ ಜಗಳದಾಗ ಇಬ್ಬರ ಕೆಲಸಾನೂ ಆಗಂಗಿಲ್ಲ. ಟಿಎಕ್ಸ್‌ಇಂಡೆಕ್ಸ್ (ಎಲ್ಲಾ ವ್ಯವಹಾರಗಳ ಸೂಚಿ) ಕೂಡ ಬೇಕಾದ್ರ ಆಮ್ಯಾಲ ಹಾಕ್ರಿ.

ವಿಂಡೋಸ್ ಲ್ಯಾಪ್‌ಟಾಪ್‌ನ್ಯಾಗ ಏನು ನೋಡಬೇಕು?

ಆ್ಯಂಟಿವೈರಸ್‌ಗೆ ಡೇಟಾ ಫೋಲ್ಡರ್ ಬಿಟ್ಟುಬಿಡು ಅಂತ ಹೇಳ್ರಿ, ಇಲ್ಲಾಂದ್ರ ಬರದ ಒಂದೊಂದು ಫೈಲ್‌ನೂ ಅದು ಮತ್ತ ಓದತೈತಿ. ಬ್ಲಾಕ್ ಒಳಗ ಯಾರೋ ತುರುಕಿದ ಹಳೇ ವೈರಸ್‌ನ ಗುರುತು ನೋಡಿ ಫೈಲ್ ಎತ್ತಿಟ್ಟ ಉದಾಹರಣಿನೂ 2014ರಾಗ ಆಗೈತಿ. ಸ್ಲೀಪ್ ಆಫ್ ಮಾಡ್ರಿ, ಮುಚ್ಚಳ ಹಾಕಿದ್ರ ಮಲಗಬಾರದು.

ಮೊನೆರೊ, ಇಥೀರಿಯಂನಂಥಾ ಬ್ಯಾರೆ ನಾಣ್ಯಗಳ ನೋಡ್ ಇದ ಮಷಿನ್ ಮ್ಯಾಲ ಆಗತಾವೇನು?

ಮೊನೆರೊ ಆಗತೈತಿ, ಅದಕ್ಕೂ ಎಸ್‌ಎಸ್‌ಡಿ ಬೇಕೇ ಬೇಕು, ಪ್ರೂನ್ ಹಾಕಿದ್ರ ಜಾಗ ಮೂರರಾಗ ಒಂದು ಪಾಲಿಗೆ ಇಳೀತೈತಿ. ಇಥೀರಿಯಂಗೆ ಎರಡು ಪ್ರೋಗ್ರಾಂ ಒಟ್ಟಿಗೆ ಓಡಬೇಕು, 2 ಟಿಬಿ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್ ಹತ್ರ ಬೇಕು, ಪೈ 4 ಇಟ್ಕೊಂಡು ಆ ಕನಸು ಬ್ಯಾಡ.

ನೋಡ್ ಓಡಿಸಿದ್ರ ರೊಕ್ಕ ಬರತೈತೇನು? ಟ್ಯಾಕ್ಸ್?

ಬರಂಗಿಲ್ಲ, ಇದು ಮೈನಿಂಗ್ (ಹೊಸ ಬ್ಲಾಕ್ ಕಟ್ಟಿ ನಾಣ್ಯ ಗಳಸೋದು) ಅಲ್ಲ. 2022ರ ಏಪ್ರಿಲ್ 1ರಿಂದ ಇರೋ 30 ಪರ್ಸೆಂಟ್ ಟ್ಯಾಕ್ಸ್ ನಾಣ್ಯ ಮಾರಿ ಬಂದ ಲಾಭಕ್ಕ, ಬ್ಲಾಕ್ ಚೆಕ್ ಮಾಡೋದಕ್ಕ ಅಲ್ಲ.

ಸಿಂಕ್ ಮುಗೀತು. ಈಗ ಏನಾದ್ರೂ ಬದಲಸಬೇಕೇನು?

ಗೆಟ್‌ಬ್ಲಾಕ್‌ಚೈನ್‌ಇನ್ಫೊ ಕೊಟ್ರ ಇನಿಷಿಯಲ್‌ಬ್ಲಾಕ್‌ಡೌನ್‌ಲೋಡ್ ಮುಂದ ಫಾಲ್ಸ್ ಅಂತ ಬಂದಿರಬೇಕು. ಬಂದಿದ್ರ ಡಿಬಿಕ್ಯಾಶ್ ಸಾಲು ತೆಗದು ಡಿಫಾಲ್ಟ್‌ಗೆ ತರ್ರಿ, ದಿನಕ್ಕ 144 ಬ್ಲಾಕ್ ಚೆಕ್ ಮಾಡಾಕ ಅಷ್ಟು ರ‍್ಯಾಮ್ ಬ್ಯಾಡ. ಪೂರ್ತಿ ಚೈನ್ ಇಟ್ಕೊಂಡಿದ್ದು, ಹೊರಗಿನೋರು ನಿಮ್ಮಿಂದ ಹಳೇ ಬ್ಲಾಕ್ ಎಳದು ತಿಂಗಳ ಡೇಟಾ ಮುಗಸ್ತಾರ ಅಂದ್ರ ಮ್ಯಾಕ್ಸ್‌ಅಪ್‌ಲೋಡ್‌ಟಾರ್ಗೆಟ್ (ಹೊರಗ ಕಳಸೋ ಡೇಟಾಕ್ಕ ಮಿತಿ) ಹಾಕ್ರಿ, ಆದ್ರ ನಮ್ಮ ಕಡೆ ಸುಮಾರು ಲೈನ್‌ಗಳು ಸಿಜಿನ್ಯಾಟ್ (ಭಾಳ ಮನಿಗೆ ಸೇರಿ ಒಂದೇ ಇಂಟರ್ನೆಟ್ ವಿಳಾಸ ಕೊಡೋ ಪದ್ಧತಿ) ಹಿಂದ ಇರತಾವ, 8333 ಪೋರ್ಟ್‌ಗೆ ಹೊರಗಿಂದ ಯಾರೂ ಬರಾಕನ ಆಗಂಗಿಲ್ಲ, ಅಂಥಾ ಕಡೆ ಈ ಚಿಂತಿ ಇಲ್ಲ. ಎರಡು ಮೂರು ದಿನ ಬಂದ್ ಆಗಿದ್ರೂ ತೊಂದ್ರಿ ಇಲ್ಲ, ಆನ್ ಮಾಡಿದ ಮ್ಯಾಲ ಬಾಕಿ ಬ್ಲಾಕ್ ತಾನ ಹಿಡಕೊಂಡು ಬರತೈತಿ. ಹೊಸ ವರ್ಷನ್ ಬಂದಾಗ ಪ್ರೋಗ್ರಾಂ ಅಷ್ಟ ಬದಲಸ್ರಿ, ಡೇಟಾ ಫೋಲ್ಡರ್ ಇದ್ದಲ್ಲೇ ಇರಲಿ, ಮತ್ತ ಮೊದಲಿಂದ ಸಿಂಕ್ ಮಾಡೋ ಕೆಲಸ ಇಲ್ಲ.